ಅಳಿಯನ ಟೋಪಿಯ ಪ್ರಸ್ಥಾನ

ಬಸ್ಸು ಓಡಿಸೋನು ಸಾಯಂಕಾಲ ಮನೆಗೆ ಬಂದು ಮುದ್ದೆ ಉಣ್ತಾನೆ. ರೈಲು ಓಡಿಸೋನು ಅರಸೀಕೆರೆಗೆ ಹೋದರೂ ಮಾರನೇ ದಿನ ಬರ್ತಾನೆ. ಮನೇಲಿ ವಿಮಾನ ಓಡಿಸೋನು ಇದ್ದರೆ ಮಾತ್ರ ಅವನೊಬ್ಬನ್ನ ಬಿಟ್ಟು ಮಿಕ್ಕಿದ್ದೆಲ್ಲ ಬರ್ತಾ ಇರುತ್ತೆ. ಸೆಂಟು ಬರುತ್ತೆ, ಸೋಪು ಬರುತ್ತೆ, ಬೀದಿಯವರು ಬರ್ತಾರೆ, ನಗೆಪಾಟಲು ಬರುತ್ತೆ. ನಮ್ಮ ಜಯನಗರದ ಮನೇಲಿ ವರ್ಷಾನುಗಟ್ಟಲೆ ನಡೆದದ್ದು ಇದೇ. ನಕ್ಕಿದ್ದೂ ಉಂಟು. ನಗದೇ ಇದ್ದಿದ್ದರೆ ನಾನೂ ನನ್ನ ಮಗಳೂ ಏನಾಗ್ತಿದ್ವೋ ಆ ದೇವರಿಗೇ ಗೊತ್ತು.

ಅಳಿಯ ಹೊರಗಿನವನಲ್ಲ, ನನ್ನ ತಮ್ಮನ ಮಗನೇ. ನನ್ನ ಸೆರಗಲ್ಲಿ ಮೂಗು ಒರೆಸಿಕೊಂಡು ಬೆಳೆದವನು. ಇಲ್ಲೇ ಚಿಕ್ಕ ವಿಮಾನ ಓಡಿಸಿಕೊಂಡು ತೆಪ್ಪಗಿದ್ದ. ಎಪ್ಪತ್ತರ ದಶಕದ ಕೊನೇಲಿ ಅರಬ್ಬರ ದೇಶದ ಕಂಪನಿಯೊಂದು, ದೊಡ್ಡ ವಿಮಾನ ಕೊಡ್ತೀವಿ ಬಾ ಅಂತ ಕರೀತು. ಎರಡು ವರ್ಷದ ಕಾಂಟ್ರಾಕ್ಟು. ಹೆಂಡತಿ ಮಕ್ಕಳನ್ನ ಕರೆದುಕೊಂಡು ಹೋಗೋ ಹಾಗಿಲ್ಲ. ಮಗಳು ಆಗ ತುಂಬಿದ ಬಸುರಿ.

"ಇದೊಂದೇ ಕಾಂಟ್ರಾಕ್ಟ್ ಅತ್ತೆ. ಮುಗಿಸಿ ಬಂದುಬಿಡ್ತೀನಿ" ಅಂದ.

ಹೆಣ್ಣುಮಗು ಹುಟ್ಟಿತು. ಅದಕ್ಕೆ ಹಲ್ಲು ಬಂತು, ನಡಿಗೆ ಬಂತು, ಮಾತು ಬಂತು. ಅಪ್ಪ ಬರಲಿಲ್ಲ. ಒಂದು ಕಾಂಟ್ರಾಕ್ಟ್ ಮುಗಿಯೋ ಹೊತ್ತಿಗೆ ಇನ್ನೊಂದಕ್ಕೆ ರುಜು ಹಾಕಿರ್ತಿದ್ದ. ವರ್ಷಕ್ಕೊಂದು ಸಲ ರಜಕ್ಕೆ ಬಂದು ಹೋಗ್ತಿದ್ದ, ಅಷ್ಟೇ. ಅಪ್ಪ ಅನ್ನೋನು ಬಂದು ಹೋಗೋ ನೆಂಟನಲ್ಲ, ಮನೆಯ ಮನುಷ್ಯ ಅಂತ ಆ ಮಗುವಿಗೆ ತಿಳಿಯೋದು ಯಾವಾಗ ಅನ್ನೋದೊಂದೇ ನಮ್ಮಿಬ್ಬರ ಚಿಂತೆ. ಮಗುವೋ, ಅವನು ಬಾಗಿಲಲ್ಲಿ ಕಾಣಿಸಿದ ಕೂಡಲೇ ಮುಖ ಬಿಟ್ಟು ಎರಡೂ ಕೈ ನೋಡ್ತಿತ್ತು. "ನಂಗೇನು ತಂದಿದೀಯಾ?" ಅನ್ನೋದು. ಗೊಂಬೆ ಕೊಟ್ಟರೆ ಕಿತ್ತುಕೊಂಡು ಬಂದು ನನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳೋದು.

ಟೋಪಿ ಮುಂದೆ, ತಲೆ ಹಿಂದೆ

ಒಂದು ಸಲ ರಜ ಮುಗಿಸಿ ಹೊರಡೋದು ಮಂಗಳವಾರ ಬಿತ್ತು. ಅದೂ ಮಧ್ಯಾಹ್ನ, ಸರಿಯಾಗಿ ರಾಹುಕಾಲದಲ್ಲಿ ಬಾಂಬೆ ವಿಮಾನ. ನಾನು ಬಿಡ್ತೀನಾ?

"ಮುಂದಿನ ವಿಮಾನಕ್ಕೆ ಹೋಗೋ" ಅಂದೆ.

"ಅತ್ತೆ, ಅದು ಹತ್ತೊಂಬತ್ತನೇ ನಂಬರ್ ಬಸ್ಸಲ್ಲ."

ಹಾಗಾದರೆ ಪ್ರಸ್ಥಾನ ಇಡೋಣ ಅಂದೆ. ಅಂದರೆ, ಹೊರಡೋ ಗಳಿಗೆ ಕೆಟ್ಟದಿದ್ದರೆ ಹಿಂದಿನ ದಿನವೇ ಒಳ್ಳೇ ಹೊತ್ತು ನೋಡಿ ಪ್ರಯಾಣದ ಸಾಮಾನು ಒಂದನ್ನ ಬೇರೆಯವರ ಮನೇಲಿ ಇಟ್ಟು ಬರೋದು. ಆಗಲೇ ಹೊರಟ ಲೆಕ್ಕ. ಹೊರಡೋನು ಹೋಗೋವಾಗ ತಾನೇ ಹೋಗಿ ಅದನ್ನ ಎತ್ತಿಕೊಂಡರಾಯ್ತು, ರಾಹು ಕೈಕೈ ಹಿಸುಕಿಕೊಳ್ತಾನೆ. ಸೋಮವಾರ ಬೆಳಿಗ್ಗೆ ಅವನ ಚಿನ್ನದ ಪಟ್ಟಿಯ ಟೋಪಿ, ಕರೀ ಚೀಲ ಎರಡನ್ನೂ ಎದುರುಮನೆ ಮೇಷ್ಟ್ರ ಹೆಂಡತಿ ಕೈಗೆ ಕೊಟ್ಟು ಬಂದೆ. ಆಕೆ ಅರಿಶಿನ ಕುಂಕುಮ ಇಟ್ಟು ದೇವರ ಕೋಣೇಲಿ ಇಟ್ಟುಕೊಂಡಳು. ಚೀಲದಲ್ಲಿ ಪಾಸ್‌ಪೋರ್ಟು, ಲೈಸೆನ್ಸು ಎಲ್ಲ ಇತ್ತು ಅಂತ ನನಗೇನು ಗೊತ್ತು?

ಮಂಗಳವಾರ ಮಧ್ಯಾಹ್ನ ಅಳಿಯ ಠಾಕುಠೀಕಾಗಿ ಡ್ರೆಸ್ ಹಾಕಿಕೊಂಡು ಎದುರುಮನೆಗೆ ಹೋಗ್ತಾನೆ, ಬೀಗ! ತಲಘಟ್ಟಪುರದಲ್ಲಿ ಆಕೆಯ ತಮ್ಮನ ಮನೇಲಿ ನಾಮಕರಣ, ಗಂಡ ಹೆಂಡತಿ ಬೆಳಿಗ್ಗೇನೇ ಹೋಗಿದ್ದರು. ಹಿಡಿ ಆಟೋ.

ಆಟೋದವನು ಕೇಳಿದನಂತೆ, "ಸಾರ್, ಏರ್‌ಪೋರ್ಟ್ ಆ ಕಡೆ. ನೀವು ಕನಕಪುರ ರೋಡ್ ಅಂತೀರಲ್ಲ?"

"ಟೋಪಿ ತರಬೇಕಪ್ಪಾ."

"ಒಂದು ಟೋಪಿಗೆ ತಲಘಟ್ಟಪುರಾನಾ? ಗಾಂಧಿ ಬಜಾರಲ್ಲೇ ಸಖತ್ತಾಗಿರೋದು ಸಿಗುತ್ತಲ್ಲ ಸಾರ್!"

ನಾಮಕರಣದ ಮನೆಯವರು ಊಟ ಮಾಡದೆ ಬಿಡಲಿಲ್ಲ. ಕೀಲಿಕೈ ತಂದು ಬೀಗ ತೆಗೆಯೋ ಹೊತ್ತಿಗೆ ವಿಮಾನ ನಮ್ಮ ತಲೆ ಮೇಲೇ ಹೋಯ್ತು. ಮಾರನೇ ದಿನದ ತನಕ ಬೇರೆ ವಿಮಾನ ಇಲ್ಲ. ಅಳಿಯ ಗಡಿಯಾರ ನೋಡಿಕೊಂಡು ಒದ್ದಾಡಿದ, ಕಂಪನಿಯವರು ಬೈತಾರೆ ಅಂತ. ಮಗಳು ಒಳಗೆ ಹೋಗಿ ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕಿದಳು. ಅವಳ ಮುಖ ಅಷ್ಟು ಅರಳಿದ್ದನ್ನ ನಾನು ಮದುವೇಲೂ ನೋಡಿರಲಿಲ್ಲ.

ಮೇಷ್ಟ್ರ ಹೆಂಡತಿ ಮಾತ್ರ ಸೋಲೋಳಲ್ಲ. "ನಮ್ಮನೇಲಿ ಇಟ್ಟ ಪ್ರಸ್ಥಾನ ಅಂದರೆ ಹೀಗಿರಬೇಕು ನೋಡಿ" ಅಂದಳು. "ಟೋಪಿ ಹೊರಟು ಎರಡು ದಿನ ಆಯ್ತು, ತಲೆ ಇನ್ನೂ ಇಲ್ಲೇ ಕೂತು ಹುಳಿಯನ್ನ ತಿಂತಾ ಇದೆ."

ಗಾಜಿನಾಚೆಯವನು

ಮುಂದಿನ ರಜದಲ್ಲಿ ಊಟಕ್ಕೆ ಕೂತಾಗ ಅವನೇ ಬಾಯಿತಪ್ಪಿ ಹೇಳಿದ. "ವಾರಕ್ಕೊಂದು ಸಲ ಬಾಂಬೆಗೆ ಬರ್ತೀನಿ ಅತ್ತೆ. ಒಂದು ಗಂಟೆ ನಿಲ್ಲಿಸಿ ಜನ ಹತ್ತಿಸಿಕೊಂಡು ಹೋಗೋದು. ವಿಮಾನ ಬಿಟ್ಟು ಇಳಿಯೋ ಹಾಗಿಲ್ಲ."

ಮಗಳ ಕೈಲಿದ್ದ ಸೌಟು ಅಲ್ಲೇ ನಿಂತಿತು. ಬಾಂಬೆ ತನಕ ಬಂದು, ಮನೆಗೆ ಬರದೆ, ವಾರವಾರ ಹೋಗೋದಾ? ಬೀದಿಗೆ ನೀರು ಬಿಡೋ ನೀರಗಂಟಿ ಸಹ ಬಾಗಿಲ ತನಕ ಬಂದರೆ ಒಂದು ಲೋಟ ಮಜ್ಜಿಗೆ ಕುಡಿದು ಹೋಗ್ತಾನೆ.

ಅವನು ಬರದಿದ್ದರೆ ನಾವೇ ಹೋಗೋಣ ಅಂದೆ. ಅವನು ವಾಪಸ್ ಹೋದಮೇಲೆ ಒಂದು ದಿನ ಗೊತ್ತು ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು, ಮೂರು ಜನವೂ ರೈಲಲ್ಲಿ ಬಾಂಬೆಗೆ ಹೋದ್ವಿ. ಮಗುವಿಗೆ ಹೊಸ ಲಂಗ. ಏರ್‌ಪೋರ್ಟಲ್ಲಿ ಒಂದು ದೊಡ್ಡ ಗಾಜು, ಅದರಾಚೆ ದೂರದಲ್ಲಿ ಆ ಕಂಪನಿಯ ವಿಮಾನ. ಮೂತೀಲಿ ಚಿಕ್ಕ ಕಿಟಕಿ, ಕಿಟಕೀಲಿ ಟೋಪಿ ಇಟ್ಟ ಒಂದು ತಲೆ.

"ನೋಡು ಪುಟ್ಟಿ, ಅಪ್ಪ! ಟಾಟಾ ಮಾಡು!"

ಮಗು ಟಾಟಾ ಮಾಡಿತು. ಮಗಳು ಕೈ ಬೀಸಿದಳು. ನಾನಂತೂ ಚಕ್ಕುಲಿ ಡಬ್ಬಿ ಎತ್ತಿ ತೋರಿಸಿದೆ. ಆ ತಲೆ ಮೊದಲು ಅತ್ತಿತ್ತ ನೋಡಿತು. ಆಮೇಲೆ ಅದೂ ಕೈ ಬೀಸಿತು. ನಾವು ಬೀಸಿದಾಗೆಲ್ಲ ಬೀಸಿತು. ಮಗಳು ಕಣ್ಣು ಒರೆಸಿಕೊಂಡು ಒರೆಸಿಕೊಂಡು ನೋಡಿದಳು. ವಿಮಾನ ಹೊರಡೋವಾಗ ಟೋಪಿ ತೆಗೆದು ಆಡಿಸಿದ. ಕೆಂಚು ಕೂದಲು.

ಜಯನಗರಕ್ಕೆ ವಾಪಸ್ ಬಂದರೆ ಬಾಗಿಲ ಸಂದೀಲಿ ಟೆಲಿಗ್ರಾಮು. ಮೇಷ್ಟ್ರು ಓದಿ ಹೇಳಿದರು. ಕೊನೇ ಗಳಿಗೇಲಿ ಡ್ಯೂಟಿ ಬದಲಾಯ್ತಂತೆ, ಬರಬೇಡಿ ಅಂತ.

ಮಗಳು ಮಗುವಿನ ಹೊಸ ಲಂಗ ಮಡಿಸಿ ಬೀರುವಿನ ತಳಕ್ಕೆ ಹಾಕಿದಳು. ನನಗೆ ಮಾತ್ರ ಆ ಕೆಂಚು ಕೂದಲಿನವನ ಮೇಲೇ ಮರುಕ. ಗುರುತಿಲ್ಲ, ಪರಿಚಯವಿಲ್ಲ, ಎಷ್ಟು ಹೊತ್ತು ಕೈ ಬೀಸಿದ, ಪಾಪ! ಅವನನ್ನೂ ಯಾರೋ ಕಾಂಟ್ರಾಕ್ಟಲ್ಲಿ ಕರೆಸಿರಬೇಕು. ಅವನ ಊರಲ್ಲೂ ಒಬ್ಬಳು ಅತ್ತೆ ಡಬ್ಬಿ ಹಿಡಿದುಕೊಂಡು ಇನ್ಯಾವನಿಗೋ ಟಾಟಾ ಮಾಡ್ತಾ ಇರಬೇಕು.

ನಿಂಬೆಹಣ್ಣಿನ ದೀಪ

ಫೋನಿಗಿಂತ ಇದೇ ವಾಸಿ ಅಂತ ಅವನು ಒಂದು ಟೇಪ್‌ರೆಕಾರ್ಡರ್ ತಂದುಕೊಟ್ಟಿದ್ದ. ಅಲ್ಲಿಂದ ಮಾತು ತುಂಬಿಸಿ ಕ್ಯಾಸೆಟ್ ಕಳಿಸೋನು. ಊರಿಗೆ ಬರೋ ಯಾರ ಕೈಲಾದರೂ ಕೊಟ್ಟರೆ ಅವರು ಮನೆಗೆ ಮುಟ್ಟಿಸೋರು. ಮಗುವಿಗೆ ನರಿ ಕತೆ, ಆನೆ ಕತೆ ಹೇಳೋನು. ಪ್ರತಿ ಕ್ಯಾಸೆಟ್ಟಿನ ಕೊನೇಲೂ ಒಂದೇ ಮಾತು: "ಬೇಗ ಬಂದುಬಿಡ್ತೀನಿ ಪುಟ್ಟಿ." ಮಗು ಆ ಪೆಟ್ಟಿಗೆ ಪಕ್ಕದಲ್ಲೇ ಮಲಗೋದು. ಅಪ್ಪನ ಮಡಿಲಿಗೆ ಹೋಗದ ಮಗು ಪೆಟ್ಟಿಗೆಯನ್ನ ತಬ್ಬಿಕೊಳ್ಳೋದು.

ಒಂದು ಕ್ಯಾಸೆಟ್ ಬಂತು. ಮಗಳು ಅಂಗಡಿಗೆ ಹೋಗಿದ್ದಳು, ನಾನೇ ಹಾಕಿದೆ. ಅಳಿಯನ ನಾಲಿಗೆ ಹೊರಳ್ತಾ ಇಲ್ಲ! "ಪು...ಟ್ಟೀ... ಹೇ...ಗಿ...ದೀ...ಯಾ..." ಅಂತ ಎಳೀತಾನೆ, ತೊದಲ್ತಾನೆ. ನನಗೆ ಈ ದನಿ ಗೊತ್ತು. ನಮ್ಮ ಮಾವನವರು ಹೆಂಡದಂಗಡಿಯಿಂದ ಬಂದಾಗ ಹೀಗೇ ಮಾತಾಡ್ತಿದ್ದರು. ಒಂಟಿ ಇದ್ದು ಇದ್ದು ಹುಡುಗ ಕುಡಿತ ಕಲಿತ! ಕುಡಿದು ವಿಮಾನ ಓಡಿಸಿದರೆ ಗತಿಯೇನು?

ಮಗಳಿಗೆ ಹೇಳಲಿಲ್ಲ. ಕ್ಯಾಸೆಟ್ಟನ್ನ ಅಕ್ಕಿ ಡಬ್ಬೀಲಿ ಹೂತಿಟ್ಟೆ. ಲೋಕಕ್ಕೆಲ್ಲ ರಾಹುಕಾಲ ಬೇಡ, ನಮ್ಮ ಬನಶಂಕರಮ್ಮನಿಗೆ ರಾಹುಕಾಲವೇ ಬೇಕು. ಮಂಗಳವಾರ, ಶುಕ್ರವಾರ ತಪ್ಪದೆ ಹೋಗಿ, ಆ ಹೊತ್ತಲ್ಲೇ ನಿಂಬೆಹೋಳು ತಿರುವಿ ದೀಪ ಹಚ್ಚಿದೆ. ಬಿಸಿಲಲ್ಲಿ ಸಾಲು ನಿಂತು ಕಾಲು ಬೊಬ್ಬೆ ಬಂತು. "ಅಮ್ಮಾ, ಅವನ ಬಾಯಿಂದ ಬಾಟಲಿ ಬಿಡಿಸು" ಅಂತ ಬೇಡಿಕೊಂಡೆ.

ಕೊನೆಗೆ ಅಕ್ಕಿ ಅಳೆಯೋವಾಗ ಕ್ಯಾಸೆಟ್ ಮಗಳ ಕೈಗೆ ಸಿಕ್ಕಿತು. ನಾನು ಅಳುತ್ತಾ ಎಲ್ಲ ಹೇಳಿದೆ. ಅವಳು ಹಾಕಿ ಕೇಳಿದಳು. ಪೆಟ್ಟಿಗೆ ಹಿಂಭಾಗ ತೆಗೆದಳು. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಹೋಗಿ ಹೊಸ ಸೆಲ್ ತಂದು ಹಾಕಿದಳು. ಅಳಿಯ ಗಂಟೆ ಹೊಡೆದ ಹಾಗೆ ಮಾತಾಡಿದ.

ತಾಯಿ ಮಗಳು ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ಅವನು ಏನು ಹೇಳ್ತಿದಾನೆ ಅಂತ ಕೇಳಿಸಿಕೊಂಡೆವು. ಇನ್ನೊಂದು ಕಾಂಟ್ರಾಕ್ಟಿಗೆ ರುಜು ಹಾಕಿದ್ದನಂತೆ.

ಮಗಳು ಪೆಟ್ಟಿಗೆ ಆರಿಸಿ ಎದ್ದಳು. "ಅಮ್ಮಾ, ಅದೇ ಹಳೇ ಸೆಲ್ಲೇ ಹಾಕಿಬಿಡು" ಅಂದಳು. "ಕುಡಿದಿದ್ದಾನೆ ಅಂತಾದರೂ ಸಮಾಧಾನ ಇರುತ್ತೆ."

ಮಗು ಇಟ್ಟ ಪ್ರಸ್ಥಾನ

ಕೊನೆಗೂ ಬಂದ. ತಾನಾಗಿ ಬರಲಿಲ್ಲ ಅನ್ನಿ. ಕಂಪನಿಯವರೇ, ಇನ್ನು ನಮ್ಮ ಹುಡುಗರು ಓಡಿಸ್ತಾರೆ, ನೀವು ಹೊರಡಿ ಅಂದುಬಿಟ್ಟರು. ಇಲ್ಲಿ ಹಳೇ ಕಂಪನೀಲಿ ಕೇಳಿದರೆ, ನಿಮ್ಮ ಜಾಗಕ್ಕೆ ಬೇರೆಯವರು ಬಂದಾಯ್ತು ಅಂದರು. ಅಷ್ಟು ದೊಡ್ಡ ವಿಮಾನ ಓಡಿಸಿದವನು ನಮ್ಮ ವರಾಂಡದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೂತ. ಮೇಲೆ ಸದ್ದಾದರೆ ತಲೆ ಎತ್ತೋನು, ಇಳಿಸೋನು. ಮಾತಿಲ್ಲ, ಕತೆಯಿಲ್ಲ. ಮೇಷ್ಟ್ರು ದಿನಾ ಹಾಲು ತರೋಕೆ ಹೋಗ್ತಾ "ಏನ್ ಸಾರ್, ವಾಪಸ್ ಯಾವಾಗ?" ಅಂತ ಕೇಳೋರು. ಇವನು ಪೇಪರ್ ಎತ್ತಿ ಮುಖಕ್ಕೆ ಹಿಡಿಯೋನು.

ಮಗುವಿಗೆ ಆಗ ಎಂಟು ವರ್ಷ. ಇಷ್ಟು ದಿನ ಯಾರೂ ಕೂರದ ಕುರ್ಚೀಲಿ ಯಾರೋ ಕೂತಿದಾರೆ ಅನ್ನೋ ಹಾಗೆ ಸುತ್ತು ಹಾಕಿಕೊಂಡು ಓಡಾಡೋದು. ಅಮ್ಮನ ಕಿವೀಲಿ ಕೇಳೋದು, "ಈ ಸಲ ರಜ ಯಾಕೆ ಇಷ್ಟು ಉದ್ದ?"

ಒಂದು ದಿನ ಮೇಷ್ಟ್ರ ಹೆಂಡತಿ ಗೇಟಲ್ಲಿ ನಿಂತು ಕೂಗಿದಳು. "ಏನ್ರೀ, ಅಳಿಯಂದಿರು ಹೊರಡ್ತಾರೆ ಅಂತ ಒಂದು ಮಾತೂ ಹೇಳಲಿಲ್ಲ! ಯಾವತ್ತು?"

"ಯಾರು ಹೇಳಿದ್ದು?"

"ನಿಮ್ಮ ಮೊಮ್ಮಗಳೇ ನಿನ್ನೆ ಟೋಪಿ ತಂದು ಕೊಟ್ಟಳಲ್ಲ! ರಾಹುಕಾಲ ಇಲ್ಲ ತಾನೇ ಆಂಟಿ ಅಂತ ನನ್ನೇ ಕೇಳಿ, ದೇವರ ಮುಂದೆ ಇಟ್ಟು, ಕೈಮುಗಿದು ಹೋದಳು."

ವರಾಂಡದಲ್ಲಿ ಕುರ್ಚಿ ಕಿರುಗುಟ್ಟಿತು. ಮಗಳು ಮಗುವಿನ ರಟ್ಟೆ ಹಿಡಿದು ಎಳೆದು ತಂದಳು. "ಯಾಕೇ ಹಾಗೆ ಮಾಡಿದೆ?"

ಮಗು ಹೆದರಲಿಲ್ಲ. "ಅಪ್ಪ ಹೋದರೆ ತಾನೇ ಕ್ಯಾಸೆಟ್ ಬರೋದು?" ಅಂತು. "ಆ ಅಪ್ಪ ಕತೆ ಹೇಳ್ತಾನೆ. ಇವರು ಪೇಪರ್ ಓದ್ತಾರೆ."

ಇವರು ಅಂದಳು. ಹೊರಗಿನವರನ್ನ ಅಂದ ಹಾಗೆ.

ಅಳಿಯ ಎದ್ದ. ಯಾರ ಮುಖವನ್ನೂ ನೋಡಲಿಲ್ಲ. ಟೇಪ್‌ರೆಕಾರ್ಡರ್ ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಮೇಷ್ಟ್ರ ಹೆಂಡತಿ ಮೆಲ್ಲಗೆ ಹೋಗಿ ಟೋಪಿ ತಂದಳು, ಆದರೆ ಕೊಡೋದು ಯಾರಿಗೆ ಅಂತ ತಿಳಿಯದೆ ಸೆರಗಲ್ಲಿ ಮುಚ್ಚಿಕೊಂಡು ನಿಂತಳು. ಹುಳಿ ಕುದಿದು ಇಳಿಸೋ ಹೊತ್ತಾಯ್ತು. ಬಾಗಿಲು ಒಂದು ಗೇಣು ತೆಗೀತು, ಪೆಟ್ಟಿಗೆ ಹೊರಗೆ ಬಂತು, ಬಾಗಿಲು ಮುಚ್ಚಿತು.

ಮಗು ಗುಂಡಿ ಒತ್ತಿತು. ಹಳೇ ಗಂಟಲು! ನರಿ ಬಂತು, ಆನೆ ಬಂತು, ಆನೆ ಮೇಲೆ ಕೂತ ಮಂಗ ಬಂತು. ಮಗು ಪೆಟ್ಟಿಗೆ ತಬ್ಬಿಕೊಂಡು ನಕ್ಕಿತು. ಒಳಗೆ ಒಬ್ಬ ಅಪ್ಪ, ಹೊರಗೆ ಒಬ್ಬ ಅಪ್ಪ, ನಡುವೆ ಒಂದು ಹಲಗೆ ಬಾಗಿಲು. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು, ಅತ್ತರೆ ಕೇಳಿಸದಿರಲಿ ಅಂತ.

ಕತೆ ಮುಗೀತು. ಮಗು ಇನ್ನೂ ಕಾಯ್ತು. ಪೆಟ್ಟಿಗೆ ಸುಮ್ಮನೆ ಗುರ್ ಅಂತಿತ್ತು. ಎದ್ದು ಹೋಗಿ ರೂಮಿನ ಬಾಗಿಲು ಬಡೀತು.

"ಕೊನೇದು ಹೇಳೇ ಇಲ್ಲ."

ಒಳಗಿಂದ ದನಿ ಬಂತು, ಸೆಲ್ ಮುಗಿದ ಹಾಗೆ ಎಳೆಎಳೆದು ಬಂತು. "ಬೇಗ... ಬಂದುಬಿಡ್ತೀನಿ ಪುಟ್ಟಿ."

ಮೇಷ್ಟ್ರ ಹೆಂಡತಿಗೆ ಇನ್ನು ತಡೆಯಲಿಲ್ಲ. ಗೋಡೆ ಗಡಿಯಾರ ನೋಡಿದಳು, ಟೋಪಿಯಿಂದ ಬಾಗಿಲು ತಟ್ಟಿದಳು. "ಬನ್ನಿ ಸಾರ್, ರಾಹುಕಾಲ ಮುಗೀತು!"

ಬಾಗಿಲು ತೆರೀತು. ಅಷ್ಟು ವರ್ಷ ದೇಶ ಸುತ್ತಿದವನು ರೂಮಿನಿಂದ ಹಾಲಿಗೆ ಒಂದು ಹೆಜ್ಜೆ ಇಟ್ಟ. ಕಣ್ಣು ಕೆಂಪಗಿತ್ತು. ಮಗು ಮುಖ ಬಿಟ್ಟು ಅವನ ಎರಡೂ ಕೈ ನೋಡಿತು.

"ನಂಗೇನು ತಂದಿದೀಯಾ?" ಅಂತು.