ಮಲ್ಕಾಜ್‌ಗಿರಿಗೆ ಬಂದ ರಕ್ತಪಿಶಾಚಿ

ನಾನು ಗಂಭೀರವಾಗಿ ಪಾಠ ಶುರು ಮಾಡಿದಲ್ಲೆಲ್ಲ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ. ಹಿಮಾಯತ್‌ನಗರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವಾಗಲೂ ಹೀಗೇ ಇತ್ತು. ನಿವೃತ್ತಳಾಗಿ ಮಲ್ಕಾಜ್‌ಗಿರಿಯ ಕನ್ನಡ ಸಂಘದಲ್ಲಿ ಭಾನುವಾರದ ಪುಸ್ತಕ ಕೂಟ ನಡೆಸತೊಡಗಿದ ಮೇಲೂ ಅದು ನನ್ನ ಬೆನ್ನು ಬಿಟ್ಟಿಲ್ಲ. ಕಳೆದ ವರ್ಷ ಕೂಟಕ್ಕೆ ಜನ ಕಡಿಮೆಯಾದರು. ಹೀಗೇ ಆದರೆ ಮುಂದಿನ ತಿಂಗಳಿಂದ ಸಂಘದ ಹಾಲ್ ಅನ್ನು ಚೀಟಿ ಹಿಡಿದು ಅಂಕಿ ಹೊಡೆಯುವ ಹೌಸಿ ಆಟಕ್ಕೆ ಕೊಡುತ್ತೇವೆ ಎಂದು ಕಾರ್ಯದರ್ಶಿಗಳು ಹೇಳಿಬಿಟ್ಟರು. ಜನ ಸೇರಿಸಲೇಬೇಕೆಂದು ಆರಿಸಿದ ವಿಷಯ: ಸಾಹಿತ್ಯದಲ್ಲಿ ರಕ್ತಪಿಶಾಚಿ ಬದಲಾದ ಬಗೆ.

೧. ಹೆಣ

ಮೊದಲ ವಾರ ಯುರೋಪಿನ ಹಳ್ಳಿಗಳ ಹಳೆಯ ಕಥೆಗಳು. ಅಲ್ಲಿ ಪಿಶಾಚಿ ಚೆಲುವನಲ್ಲ, ಊದಿಕೊಂಡ ಹೆಣ; ಗೋರಿಯಿಂದೆದ್ದು ಮೊದಲು ಸ್ವಂತ ಬಂಧುಗಳ ಮನೆಗೇ ಹೋಗಿ ರಕ್ತ ಹೀರುತ್ತದೆ ಎಂದೆ. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಒಬ್ಬರು ಕೈ ಎತ್ತಿದರು.

"ಅದಕ್ಕ ಸಾಯೂದು ಯಾಕ ಬೇಕ್ರಿ ಮೇಡಂ? ನಮ್ಮ ಭಾವ ಬದುಕಿದ್ದಾಗನ ಇದನ್ನ ಮಾಡಾಕತ್ತಾರ."

೨. ಹೊಸ್ತಿಲು

ಮುಂದಿನ ವಾರ ಪಿಶಾಚಿಗೆ ಬಡ್ತಿ. ಕಾದಂಬರಿಕಾರರ ಕೈಗೆ ಸಿಕ್ಕು ಅವನು ಕೋಟೆವಾಸಿ ಶ್ರೀಮಂತನಾದ, ರೀತಿ ರಿವಾಜು ಕಲಿತ. ಮನೆಯವರು 'ಬನ್ನಿ' ಎನ್ನದೆ ಹೊಸ್ತಿಲು ದಾಟುವಂತಿಲ್ಲ ಎಂಬ ನಿಯಮವೂ ಬಂತು. ಗಾರ್ಡ್ ಸಾಹೇಬರ ಹೆಂಡತಿ ಇದನ್ನು ಬಹಳ ಮನಸ್ಸಿಗೆ ಹಚ್ಚಿಕೊಂಡರು. ಆ ವಾರವೇ ಕಲಬುರಗಿಯಿಂದ ಅದೇ ಭಾವ ಬ್ಯಾಗು ಹಿಡಿದು ಬಂದರಂತೆ. ಇವರು ಬಾಗಿಲು ತೆರೆದು ನಕ್ಕರು, ಆರೋಗ್ಯ ವಿಚಾರಿಸಿದರು, ನೀರೂ ಕೊಟ್ಟರು. 'ಬರ್ರಿ' ಅಂತ ಮಾತ್ರ ಅನ್ನಲಿಲ್ಲ. ಭಾವ ಮೆಟ್ಟಿಲ ಮೇಲೇ ನಿಂತರು. ಆಮೇಲೇನಾಯಿತು ಎಂದು ಕೇಳಿದೆ.

"ಏನ್ ಮಾಡ್ಲಿರಿ, ಒಳಗ ಚಹಾ ಕುದಿಯಾಕತ್ತಿತ್ತು. ಬಾಯಿ ತಪ್ಪಿ ಬರ್ರಿ ಅಂದುಬಿಟ್ಟೆ. ಇನ್ನೂ ನಮ್ಮನಿಯಾಗನ ಅದಾರ."

೩. ವರ

ಕೊನೆಯ ವಾರ ಹಾಲ್ ತುಂಬಿತ್ತು, ಆದರೆ ಬಹಳಷ್ಟು ಜನ ಹೌಸಿ ಕಡೆಯವರು. ಉಪನ್ಯಾಸ ಮುಗಿದ ಮೇಲೆ ಹಾಲ್ ಯಾರಿಗೆ ಎಂದು ಕಾರ್ಯದರ್ಶಿಗಳು ಕೈ ಎತ್ತಿಸಿ ತೀರ್ಮಾನ ಮಾಡುವವರಿದ್ದರು. ಹೌಸಿಯವರ ಮುಂದಾಳು ಧಾರವಾಡ ಕಡೆಯ ಆಚಾರವಂತ ಅಜ್ಜಿ. ಅವರು ಮುಂದಿನ ಸಾಲಿನಲ್ಲಿ ಜಪಮಾಲೆ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು.

ಈಗಿನ ಕಾದಂಬರಿಗಳಲ್ಲಿ ಪಿಶಾಚಿ ಹೆದರಿಸುವುದಿಲ್ಲ, ಪ್ರೀತಿಸುತ್ತಾನೆ ಎಂದೆ. ಚೆಲುವ, ಓದಿದವ, ಮನುಷ್ಯರ ರಕ್ತ ಬಿಟ್ಟು ವ್ರತ ಹಿಡಿದವನ ಹಾಗೆ ಇದ್ದಾನೆ. ಅಜ್ಜಿ ಒಂದು ಕಣ್ಣು ತೆರೆದು, ಮನೆಯಲ್ಲಿ ಅತ್ತೆ ಇದ್ದಾಳೇನು ಎಂದು ಕೇಳಿದರು. ತೀರಿಕೊಂಡು ಶತಮಾನಗಳಾದವು ಎಂದೆ. ಇನ್ನೊಂದು ಕಣ್ಣೂ ತೆರೆಯಿತು. ಸ್ವಂತ ಮನೆ? ಕೋಟೆಯೇ ಇದೆ. ಊಟ ತಿಂಡಿ? ಕಾಲ ಎಷ್ಟು ಬದಲಾದರೂ ಇವರಲ್ಲಿ ಹಲವರಿಗೆ ಬೆಳ್ಳುಳ್ಳಿ ಕಂಡರಾಗದು ಎಂದೆ. ಅಜ್ಜಿ ಜಪಮಾಲೆ ಚೀಲದೊಳಗಿಟ್ಟರು. ಅವರ ಮೊಮ್ಮಗಳಿಗೆ ಬಹಳ ದಿನದಿಂದ ಗಂಡು ನೋಡುತ್ತಿರುವುದು ಸಂಘಕ್ಕೆಲ್ಲ ಗೊತ್ತು.

ಕಾರ್ಯದರ್ಶಿಗಳು ಎದ್ದು, ಹೌಸಿ ಬೇಕಾದವರು ಕೈ ಎತ್ತಿ ಎಂದರು. ಅಜ್ಜಿ ಹಿಂದಿರುಗಿ ನೋಡಿದ್ದೇ ತಡ, ಎದ್ದ ಕೈಗಳೆಲ್ಲ ಕೆಳಗಿಳಿದವು.

"ಹೌಸಿ ಎಲ್ಲಿ ಓಡಿ ಹೋಗ್ತದ? ಬೆಳ್ಳುಳ್ಳಿ ಮುಟ್ಟಂಗಿಲ್ಲ ಅಂದ್ರ ಹುಡುಗ ನಮ್ಮ ಪೈಕಿನೇ ಇರಬೇಕು. ಮುಂದಿನ ವಾರ ಮೊದಲ ಅವನ ಗೋತ್ರ ಹೇಳ್ರಿ, ಮೇಡಂ."