ಕರೆಂಟಿಲ್ಲದ ಪ್ರಾಕ್ಟಿಕಲ್

ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಕರೆಂಟು ಹೋಯಿತು. ನಂಜನಗೂಡಿನ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಪ್ರಾಕ್ಟಿಕಲ್ ಪರೀಕ್ಷೆ ಆಗಷ್ಟೇ ಶುರುವಾಗಿತ್ತು. ತಾರೀಕು ೨೦೦೨ರ ಏಪ್ರಿಲ್ ಹದಿನೇಳು.

ಉಪನ್ಯಾಸಕ ಮರಿಸ್ವಾಮಿ ಆರು ವರ್ಷದಿಂದ ಪಾರ್ಟ್‌ಟೈಮ್. ಸೋಸಲೆಯಿಂದ ತಿ. ನರಸೀಪುರ, ಅಲ್ಲಿಂದ ನಂಜನಗೂಡು. ಹೋಗಿ ಬರಲು ದಿನಕ್ಕೆ ನಾಲ್ಕು ಬಸ್ಸು. ಈ ಸಲ ಇಪ್ಪತ್ತನಾಲ್ಕು ವಿದ್ಯಾರ್ಥಿಗಳೂ ಪಾಸಾದರೆ ಕೆಲಸ ಕಾಯಂ ಎಂದು ಆಡಳಿತ ಮಂಡಳಿ ಮಾತು ಕೊಟ್ಟಿತ್ತು. ಲ್ಯಾಬಿನ ಸ್ಥಿತಿ ಚೆನ್ನಾಗಿ ತಿಳಿದೇ ಕೊಟ್ಟಿತ್ತು.

ಲ್ಯಾಬಿನಲ್ಲಿ ನಾಲ್ಕು ಕಂಪ್ಯೂಟರ್. ಎರಡು ಕೆಟ್ಟಿದ್ದವು. ಉಳಿದೆರಡು ಕೆಡಬಾರದೆಂದು ಪ್ರಿನ್ಸಿಪಾಲರು ಬಟ್ಟೆ ಹೊದಿಸಿ, ಬಾಗಿಲಿಗೆ ಬೀಗ ಹಾಕಿ, ಕೀಬೋರ್ಡುಗಳನ್ನು ತಮ್ಮ ಬೀರುವಿನಲ್ಲಿಟ್ಟಿದ್ದರು. ಈ ತಂಡದ ಪಾಲಿಗೆ ಅವು ಹೊರಬಂದದ್ದು ಅವತ್ತೇ ಮೊದಲು. ಮೂರು ವರ್ಷವೂ ಮರಿಸ್ವಾಮಿ ಕರಿಹಲಗೆಯ ಮೇಲೆ ಕಲಿಸಿದ್ದರು: ಪ್ರೋಗ್ರಾಂ ಎಡಕ್ಕೆ, ಉತ್ತರ ಬಲಕ್ಕೆ. ವಿದ್ಯಾರ್ಥಿಗಳು ಎರಡನ್ನೂ ಮಗ್ಗಿಯಂತೆ ಉರು ಹೊಡೆದಿದ್ದರು.

ಕರೆಂಟು ಬಾರದಿದ್ದರೆ ಪರೀಕ್ಷೆ ರದ್ದು ಎಂದರು ಮೈಸೂರಿನಿಂದ ಬಂದಿದ್ದ ಪರೀಕ್ಷಕಿ ಯಶೋಧರಾ. ಮರಿಸ್ವಾಮಿ ಜವಾನನ ಸೈಕಲ್ ಹತ್ತಿ ಟ್ರಾನ್ಸ್‌ಫಾರ್ಮರ್ ಬಳಿಗೆ ಧಾವಿಸಿದರು. ಕಂಬದ ಮೇಲಿದ್ದ ಲೈನ್‌ಮನ್ ನಂಜುಂಡನಿಗೆ ಕೈ ಮುಗಿದರು. ಅರ್ಧ ಗಂಟೆ ಎಂದು ಅವನು ಮೇಲಿನಿಂದಲೇ ಅಭಯ ಕೊಟ್ಟ.

ಹಿಂದಿರುಗಿದಾಗ ನಿಯಮ ಬದಲಾಗಿತ್ತು. ಪರೀಕ್ಷಕಿ ಸಂಜೆ ಮೈಸೂರಿನಲ್ಲಿ ನೆಂಟರ ಆರತಕ್ಷತೆಗೆ ಹೋಗಬೇಕಿತ್ತು. ಹನ್ನೆರಡರೊಳಗೆ ಕರೆಂಟು ಬಂದರೆ ಎಲ್ಲರೂ ಟೈಪ್ ಮಾಡಿ ತೋರಿಸಬೇಕು, ಬಾರದಿದ್ದರೆ ಕಾಗದದಲ್ಲಿ ಬರೆದದ್ದಕ್ಕೇ ಅಂಕ. ಮರಿಸ್ವಾಮಿ ಮುಂದಿನ ಬೆಂಚಿನ ಲಿಖಿತಾಳ ಹಾಳೆಗೆ ಇಣುಕಿದರು. ಉತ್ತರದ ಮೊದಲ ಸಾಲು: ‘ಕೀಬೋರ್ಡ್ ಸಿಗುತ್ತಿಲ್ಲ, ಎಫ್-ಒನ್ ಒತ್ತಿ.’

“ಇದ್ಯಾಕಮ್ಮ ಬರ್ದೆ?”

“ಆಯುಧಪೂಜೆ ದಿನ ಆನ್ ಮಾಡ್ದಾಗ ಸ್ಕ್ರೀನ್ ಮೇಲೆ ಮೊದ್ಲು ಅದೇ ಬಂತಲ್ಲ ಸಾ.”

“ಎಫ್-ಒನ್ ಎಲ್ಲದೆ ಅಂತ ಗೊತ್ತಾ?”

“ನೀವು ಬೋರ್ಡ್ ಮೇಲೆ ಬರೀಲಿಲ್ವಲ್ಲ ಸಾ.”

ಇಪ್ಪತ್ತನಾಲ್ಕು ಹಾಳೆಗಳಲ್ಲೂ ಅದೇ ಸಾಲು ಇತ್ತು. ಮರಿಸ್ವಾಮಿ ಮತ್ತೆ ಸೈಕಲ್ ಹತ್ತಿದರು.

ನಂಜುಂಡ ಕೆಲಸ ಮುಗಿಸಿ ಇಳಿದಿದ್ದ. ಹನ್ನೆರಡರವರೆಗೆ ಕೊಡಬೇಡ ಎಂಬ ಬೇಡಿಕೆ ಕೇಳಿ ಇಕ್ಕಳ ಕೆಳಗಿಟ್ಟ.

“ಆಗ್ಲೆ ಕೊಡು ಅಂತ ಕೈ ಮುಗುದ್ರಿ, ಈಗ ಬ್ಯಾಡ ಅಂತ ಕಾಲು ಇಡೀತೀರಿ. ಏನ್ ಪಾಠ ಮಾಡದು ಸಾ ನೀವು?”

“ಕಂಪ್ಯೂಟರ್ ಕಣಪ್ಪ.”

“ಅದೇ ಅನ್ಕಂಡೆ.”

ಅವನು ಕರೆಂಟು ಕೊಡದೆ ಟೀ ಕುಡಿಯಲು ಹೋದ. ಹಿಟ್ಟಿನ ಗಿರಣಿಯ ಮುಂದೆ ರಾಗಿ ಚೀಲ ಹಿಡಿದು ನಿಂತವರು ಸರ್ಕಾರವನ್ನು ಬೈಯುತ್ತಿದ್ದರು. ಮರಿಸ್ವಾಮಿ ತಲೆ ತಗ್ಗಿಸಿ ದಾಟಿದರು.

ಕಾಲೇಜಿನ ಗೇಟಿನಲ್ಲಿ ಗಣಿತದ ಚಿಕ್ಕಸ್ವಾಮಿ ಕಾಯುತ್ತಿದ್ದರು. ಯಾರೂ ಕೇಳದಿದ್ದರೂ ಉಪಕಾರ ಮಾಡುವುದು ಅವರ ಸ್ವಭಾವ. ಶಾಮಿಯಾನದವನಿಂದ ಜನರೇಟರ್ ತರಿಸಿದ್ದರು.

“ನಿಮ್ ಕೆಲ್ಸ ಕಾಯಂ ಆಗ್ಲಿ ಅಂತ ಕಣ್ರೀ. ಡೀಸೆಲ್ ಒಂದಿಲ್ಲ.”

ಡೀಸೆಲ್ ತಾವೇ ತರುವುದಾಗಿ ಹೇಳಿ ಮರಿಸ್ವಾಮಿ ಕ್ಯಾನು ಹಿಡಿದು ಹೊರಟರು. ಬಂಕಿನ ಸಾಲಿನಲ್ಲಿ ಹಿಂದೆ ಬಂದವರಿಗೆಲ್ಲ ಜಾಗ ಬಿಟ್ಟುಕೊಟ್ಟರು. ಅಷ್ಟು ಸೌಜನ್ಯದ ಗಿರಾಕಿಯನ್ನು ಆ ಬಂಕು ಕಂಡಿರಲಿಲ್ಲ. ಅವರು ಮರಳಿದಾಗ ಹನ್ನೆರಡೂಕಾಲು.

ಇಪ್ಪತ್ತನಾಲ್ಕು ಮಂದಿಯೂ ಪಾಸಾಗಿದ್ದರು. ಮೊದಲ ಸಾಲಿಗೂ ಪರೀಕ್ಷಕಿ ಅಂಕ ಕಳೆದಿರಲಿಲ್ಲ; ಈ ಲ್ಯಾಬಿನ ಮಟ್ಟಿಗೆ ಅದು ಸರಿಯಾದ ಉತ್ತರವೇ ಎಂದಿದ್ದರು. ಕರೆಂಟಿಲ್ಲದೆಯೂ ಪ್ರಾಕ್ಟಿಕಲ್ ಯಶಸ್ವಿಯಾಗಿ ನಡೆಯಿತೆಂದು ವರದಿ ಬರೆದು ಬಸ್ಸು ಹತ್ತಿದರು.

ಆ ವರದಿಯನ್ನು ಆಡಳಿತ ಮಂಡಳಿ ಎರಡು ಸಲ ಓದಿತು. ಕರೆಂಟಿಲ್ಲದೆ ನಡೆಯುವ ವಿಷಯಕ್ಕೆ ಕಂಪ್ಯೂಟರ್ ಬೇಡ, ಕಂಪ್ಯೂಟರ್ ಬೇಡದ ವಿಷಯಕ್ಕೆ ಪ್ರತ್ಯೇಕ ಉಪನ್ಯಾಸಕರೂ ಬೇಡ ಎಂದು ಠರಾವಾಯಿತು. ಆರು ವರ್ಷದಲ್ಲಿ ಮೊದಲ ಬಾರಿಗೆ ಮರಿಸ್ವಾಮಿಯ ಕೈಗೆ ಲ್ಯಾಬಿನ ಬೀಗದ ಕೈ ಬಂತು, ಖಾಲಿ ಮಾಡಿಕೊಡಲು.

ಜೂನ್ ಹತ್ತರಂದು ಕಂಪ್ಯೂಟರ್ ತರಗತಿಗೆ ಚಿಕ್ಕಸ್ವಾಮಿ ಹೋದರು. ಮರಿಸ್ವಾಮಿಯವರ ನೋಟ್ಸ್ ಸಿಗದ ಕಾರಣ ಲಿಖಿತಾಳ ಪುಸ್ತಕ ತರಿಸಿಕೊಂಡು, ಹಲಗೆಯ ಬಲಗಡೆ ಮೊದಲ ಸಾಲು ಬರೆದರು: ‘ಕೀಬೋರ್ಡ್ ಸಿಗುತ್ತಿಲ್ಲ, ಎಫ್-ಒನ್ ಒತ್ತಿ.’