ಗಡುವಿಲ್ಲದ ವಂಶವೃಕ್ಷ

ಗಡುವಿಲ್ಲದ ಕೆಲಸವನ್ನು ನನ್ನಂಥವನ ಕೈಗೆ ಕೊಡಬಾರದು. ಮೂವತ್ತು ವರ್ಷ ಶಾಲೆಯ ಗೇಟಿನಲ್ಲಿ ನಿಂತು, ಐದು ನಿಮಿಷ ತಡವಾಗಿ ಬಂದ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದ ಮೇಷ್ಟ್ರು ನಾನು. ಅಪ್ಪ ವಿಲ್ ಬರೆಯದೆ ತೀರಿಕೊಂಡು ಮೂರು ವರ್ಷವಾದರೂ ನಮ್ಮೂರಿನದೇ ಸಿಂಗಾಪುರ ಬಡಾವಣೆಯಲ್ಲಿರುವ ಅವರ ಮನೆಯ ಕಾಗದಪತ್ರ ಮುಟ್ಟಿರಲಿಲ್ಲ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಪಂಚಾಂಗದ ಸಹಕಾರವೂ ಚೆನ್ನಾಗಿತ್ತೆನ್ನಿ. ವರ್ಷದ ತಿಥಿಗೆ ಮೊದಲೇ ಆಸ್ತಿಯ ಮಾತೆತ್ತಿದರೆ ಜನ ಉಗಿಯುತ್ತಾರೆಂದು ಒಂದು ವರ್ಷ ತಡೆದೆ. ಆಮೇಲೆ ಆಷಾಢ ಬಂತು, ಪಿತೃಪಕ್ಷ ಬಂತು, ಧನುರ್ಮಾಸ ಬಂತು. ಉಳಿದ ಒಳ್ಳೆಯ ದಿನಗಳಲ್ಲಿ ಮದುವೆಯೂಟಗಳಿದ್ದವು. ಪರಿಚಯದ ವಕೀಲರೊಬ್ಬರು, "ವಾರಸುದಾರರ ಹಕ್ಕು ಎಲ್ಲೂ ಹೋಗಲ್ಲ ಸರ್, ಆದ್ರೂ ಬೇಗ ಮಾಡ್ಕೊಳ್ಳಿ" ಎಂದಿದ್ದರು. ಅದರಲ್ಲಿ ಮೊದಲರ್ಧ ಮಾತ್ರ ನನ್ನ ಕಿವಿಗೆ ಬಿತ್ತು.

ನನ್ನ ಒಬ್ಬಳೇ ತಂಗಿ ಜಯಮ್ಮ ತಣಿಸಂದ್ರದಲ್ಲಿ ಬಾಡಿಗೆಗಿದ್ದಾಳೆ. ಗಂಡನಿಗೆ ಬೆನ್ನುನೋವು; ಸಂಸಾರ ನಡೆಯುವುದು ಅವಳ ಹೊಲಿಗೆ ಯಂತ್ರದಿಂದ. ಯುಗಾದಿಗೆ ಬಂದವಳು, "ಅಣ್ಣಾ, ಓನರ್ ಮನೆ ಕೆಡವ್ತಾರಂತೆ. ಅಪ್ಪನ ಮನೆ ಖಾಲಿ ಬಿದ್ದಿದೆಯಲ್ಲ, ಅಲ್ಲಿಗೆ ಹೋಗ್ಲಾ?" ಎಂದಳು. "ಪತ್ರ ಎಲ್ಲ ಆಗ್ಲಿ, ತಡಿ" ಎಂದೆ. ಬೀಗದ ಕೈ ಸಹಕಾರನಗರದ ನಮ್ಮ ಮನೆಯ ಬೀರುವಿನಲ್ಲಿ ಭದ್ರವಾಗಿತ್ತು. ನಿಜ ಹೇಳಿಬಿಡುತ್ತೇನೆ. ಎಳೆಯುತ್ತಾ ಹೋದರೆ ಅವಳೇ ಬೇಸತ್ತು, ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ ಇಸಿದುಕೊಂಡು ಹಕ್ಕು ಬಿಟ್ಟು ಸಹಿ ಹಾಕಿಯಾಳು ಎಂಬ ಆಸೆ ನನಗಿತ್ತು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಹಾಗೆ ಮಾಡಿದ್ದಾರೆ. ಜಯಮ್ಮ ಮಾತ್ರ, "ಈ ತಿಂಗಳೇ ಕಡೆ ಅಣ್ಣ, ಸಾಮಾನು ಬೀದಿಗೆ ಬರುತ್ತೆ" ಎಂದು ಬಂದು ನಿಂತಳು.

ಕೊನೆಗೂ, ಅಪ್ಪನ ವಾರಸುದಾರರು ಯಾರೆಂದು ತೋರಿಸುವ ವಂಶವೃಕ್ಷದ ಅರ್ಜಿ ತುಂಬಿದೆ, ಮೇಷ್ಟ್ರ ಮುದ್ದಾದ ಅಕ್ಷರದಲ್ಲಿ. ಇಬ್ಬರೂ ನಾಡಕಚೇರಿಗೆ ಹೋದೆವು. ಕೌಂಟರಿನ ಹೆಂಗಸು ಹಾಳೆ ತಿರುವಿ, "ಹೆಣ್ಣುಮಕ್ಕಳು ಯಾರೂ ಇಲ್ವಾ ಸರ್?" ಎಂದರು.

ನನ್ನ ಆಧಾರ್ ಕಾರ್ಡನ್ನೂ ನೀರಿನ ಬಾಟಲಿಯನ್ನೂ ಹಿಡಿದು ಪಕ್ಕದಲ್ಲಿ ನಿಂತಿದ್ದ ಜಯಮ್ಮ ಬಗ್ಗಿ ನೋಡಿದಳು. ಅಪ್ಪನ ಹೆಸರಿನ ಕೆಳಗೆ ನಾನು, ನನ್ನ ಕೆಳಗೆ ಮಗ, ಅವನ ಕೆಳಗೆ ಮೂರು ತಿಂಗಳ ಮೊಮ್ಮಗ. ಅವಳಿರಲಿಲ್ಲ. ಬೇಕೆಂದೇ ಬಿಟ್ಟೆನೋ, ಮದುವೆಯಾಗಿ ಹೋದವಳೆಂದು ಕೈ ತಾನಾಗಿ ದಾಟಿಹೋಯಿತೋ, ಇವತ್ತಿಗೂ ಗೊತ್ತಿಲ್ಲ. ಯಾವುದು ಹೆಚ್ಚು ಹೊಲಸು ಎಂಬುದೂ ಗೊತ್ತಿಲ್ಲ.

"ನಾನಿದ್ದೀನಲ್ಲ ಮೇಡಂ" ಎಂದಳು ಜಯಮ್ಮ. "ನಮ್ಮಣ್ಣಂಗೆ ಮೊದಲಿಂದ್ಲೂ ಆತುರ ಜಾಸ್ತಿ. ಆತುರದಲ್ಲಿ ಬಿಟ್ಟಿದ್ದಾನೆ."

ಮೂರು ವರ್ಷ ಕಾಯಿಸಿದವನಿಗೆ ಆತುರವಂತೆ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲೇ ಬೆಂಚಿನ ಮೇಲೆ ಕೂತು ಹೊಸ ಹಾಳೆಯಲ್ಲಿ ನನ್ನ ಹೆಸರಿನ ಪಕ್ಕಕ್ಕೆ ಅವಳ ಹೆಸರು ಬರೆದೆ. ಅಕ್ಷರ ಈ ಸಲ ಮುದ್ದಾಗಿ ಬರಲಿಲ್ಲ.

ಸಂಜೆ ಬೀಗದ ಕೈ ತೆಗೆದುಕೊಂಡು ತಣಿಸಂದ್ರಕ್ಕೆ ಹೋದೆ. ಪತ್ರ ಆಗುವಾಗ ಆಗಲಿ, ನೀನು ಮೊದಲು ಹೋಗಿ ಇರು ಎಂದೆ. ಜಯಮ್ಮ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾ, "ಇವತ್ತು ಅಮಾವಾಸ್ಯೆ ಕಣಣ್ಣ. ಪಂಚಾಂಗ ನೋಡ್ಲಿಲ್ವಾ?" ಎಂದಳು.

ತಡವಾಗಿ ಬಂದ ಹುಡುಗರು ಗೇಟಿನಲ್ಲಿ ನಿಲ್ಲುತ್ತಿದ್ದ ಹಾಗೆ ಹೊಸ್ತಿಲಾಚೆ ನಿಂತೇ ಇದ್ದೆ. "ಅಲ್ಲೇ ಯಾಕ್ ನಿಂತೆ? ಒಳಗ್ ಬಾ" ಎಂದಳು. ಮೂವತ್ತು ವರ್ಷದಲ್ಲಿ ಆ ಮಾತನ್ನು ನಾನು ಒಂದು ಮಗುವಿಗೂ ಹೇಳಿರಲಿಲ್ಲ.